ಮಿದುಳಿನ ಮಾದರಿಯ ಗಣಕ: ತರಬೇತಿಗೆ ಹೊರಡುವ ಮುನ್ನ

ರೋಣ, ನರಗುಂದ, ಗಜೇಂದ್ರಗಡ ಭಾಗದಿಂದ ಗದಗ, ಹುಬ್ಬಳ್ಳಿ, ಧಾರವಾಡಗಳಿಗೆ ಹೋಗಿ ಎಂಜಿನಿಯರಿಂಗ್ ಓದುತ್ತಿರುವವರು, ಮಿದುಳಿನ ರೀತಿಯಲ್ಲಿ ಕೆಲಸ ಮಾಡುವ ಚಿಪ್‌ಗಳನ್ನು ರೂಪಿಸುವ ‘ನ್ಯೂರೋಮಾರ್ಫಿಕ್’ ವಿದ್ಯೆಯ ಉಪನ್ಯಾಸ, ತರಬೇತಿಗಳಿಗೆ ಹೆಸರು ನೋಂದಾಯಿಸುವ ಮುನ್ನ ತುಸು ಸಿದ್ಧತೆ ಮಾಡಿಕೊಳ್ಳುವುದು ಒಳಿತು. ಸಾಮಾನ್ಯ ಗಣಕದಲ್ಲಿ ಸ್ಮೃತಿಯೂ ಸಂಸ್ಕರಣೆಯೂ ಬೇರೆ ಬೇರೆ ಕಡೆ ಇರುವುದರಿಂದ ದತ್ತಾಂಶವನ್ನು ಅತ್ತಿತ್ತ ಸಾಗಿಸುವುದಕ್ಕೇ ಸಾಕಷ್ಟು ವಿದ್ಯುತ್ ವ್ಯಯವಾಗುತ್ತದೆ. ಸುಮಾರು 20 ವ್ಯಾಟ್‌ನಲ್ಲಿ ನಡೆಯುವ ಮಿದುಳಿನಲ್ಲಾದರೋ ನರಕೋಶಗಳ ಸಂಧಿಯಾದ ಸಿನ್ಯಾಪ್ಸ್ ಎರಡೂ ಕೆಲಸಗಳಲ್ಲಿ ಪಾಲ್ಗೊಳ್ಳುತ್ತದೆ. ಈ ಗುಣವನ್ನು ಚಿಪ್‌ನಲ್ಲಿ ಅನುಕರಿಸಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ ಮೆಮ್ರಿಸ್ಟರ್, ಅಂದರೆ ಹಿಂದೆ ಹರಿದ ವಿದ್ಯುತ್ತಿನ ನೆನಪನ್ನು ಉಳಿಸಿಕೊಳ್ಳುವ ರೋಧಕ, ಸುಮಾರು 16,500 ವಾಹಕತೆಯ ಸ್ಥಿತಿಗಳನ್ನು ತಾಳಬಲ್ಲದು. ಸಾಮಾನ್ಯ ಬಿಟ್‌ಗೆ ಇರುವುದು ಎರಡೇ ಸ್ಥಿತಿಗಳೆಂಬುದನ್ನು ನೆನೆದರೆ, ಕನ್ನಡ ನೆಲದಲ್ಲೇ ನಡೆದ ಈ ಕೆಲಸದ ಹಿರಿಮೆ ತಿಳಿಯುತ್ತದೆ.

ಉಪನ್ಯಾಸ ಕೇಳುವ ಮೊದಲು ಒಂದೇ ನರಕೋಶದ ಮಾದರಿಯನ್ನು ಪೈಥಾನ್‌ನಲ್ಲಿ ಬರೆದು ನೋಡಬೇಕು. ಕೋಶದ ವೋಲ್ಟೇಜ್ −70 ಮಿಲಿವೋಲ್ಟ್‌ನಿಂದ ಏರುತ್ತ, ಸುಮಾರು −55ರ ಮಿತಿ ಮುಟ್ಟಿದೊಡನೆ ‘ಸ್ಪೈಕ್’ ಎಂಬ ಕ್ಷಣಿಕ ಮಿಡಿತ ಹೊಮ್ಮಿಸಿ ಮರಳಿ ಕುಸಿಯುತ್ತದೆ. ಒಳಬರುವ ಕರೆಂಟನ್ನು ತಗ್ಗಿಸಿದರೆ ಮಿತಿ ಮುಟ್ಟದೆ, ಮಿಡಿತವೇ ಹುಟ್ಟದೆ ಉಳಿಯುತ್ತದೆ. ಇದಕ್ಕೆ ‘ಬ್ರಯಾನ್’ ಎಂಬ ಉಚಿತ ತಂತ್ರಾಂಶ ಸಾಕು, ದುಬಾರಿ ಯಂತ್ರ ಬೇಡ. ಮೂಲಪಾಠಗಳಿಗೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಯೋಜನೆಯ ಉಚಿತ ತರಗತಿಗಳಿವೆ. ಚಿಪ್ ತಯಾರಿಕೆಯನ್ನು ಕೈಯಾರೆ ಕಲಿಯಬಯಸುವವರು, ಹೊರಗಿನ ಕಾಲೇಜುಗಳವರಿಗೂ ತರಬೇತಿ ನೀಡುತ್ತ ಬಂದಿರುವ ವಿಜ್ಞಾನ ಸಂಸ್ಥೆಯ ಐಎನ್‌ಯುಪಿ ಯೋಜನೆಯ ಪ್ರಕಟಣೆಗಳನ್ನು ಗಮನಿಸುತ್ತಿದ್ದು, ಪ್ರಯೋಗಾಲಯದ ಅವಧಿ, ವಸತಿ, ಪ್ರಯಾಣವೆಚ್ಚಗಳನ್ನು ಮೊದಲೇ ವಿಚಾರಿಸಿಕೊಂಡು ಅರ್ಜಿ ಸಲ್ಲಿಸಬೇಕು.