ಗ್ಯಾಸ್ ಮಗ್ಗದ ಗುಂಡಿಗೂ ಇಳಿಯುತ್ತದೆ

ಮೊಳಕಾಲ್ಮೂರಿನ ಎಷ್ಟೋ ನೇಕಾರರ ಮನೆಯಲ್ಲಿ ಒಲೆಗೂ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವರು ಒಂದು ಸಂಗತಿ ತಿಳಿದಿರಲೇಬೇಕು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲ ಹಿಡಿದು ಹರಿದು, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಮನೆಯೊಳಗೆ ಮಗ್ಗದ ಗುಂಡಿಗಿಂತ ತಗ್ಗು ಇನ್ನೆಲ್ಲಿದೆ?

ಚಳ್ಳಕೆರೆ ಕಡೆಯ ಹಳೆಯ ಮಾಳಿಗೆ ಮನೆಯವರು ಗವಾಕ್ಷಿ ಇದೆಯೆಂದು ಧೈರ್ಯವಾಗಿರುತ್ತಾರೆ. ಗವಾಕ್ಷಿಯಲ್ಲಿ ಹೊಗೆ ಹೋದೀತು, ಈ ಗ್ಯಾಸ್ ಹೋಗದು. ಎತ್ತರದ ಹೊಸ್ತಿಲು ಅದನ್ನು ಒಳಗೇ ತಡೆದಿಡುತ್ತದೆ. ಪಟ್ಟಣಗಳಲ್ಲಿ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಲೆಕ್ಕ ಬೇರೆ. ಅದು ಹಗುರ, ಚಾವಣಿಗೆ ಏರುತ್ತದೆ.

ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಕೊಳೆತ ಕೋಸಿನಂಥ ನಾತ. ಅದೇ ಕೋಣೆಯಲ್ಲಿ ಕೂತವರ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಹೊರಗಿನಿಂದ ಬಂದವರು “ಏನವ್ವಾ, ಗ್ಯಾಸ್ ವಾಸ್ನೆ ಬರ್ತೈತೆ” ಅಂದರೆ ತಳ್ಳಿಹಾಕಬೇಡಿ, ಎದ್ದು ನೋಡಿ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಬೆರೆತರೂ ಹೊತ್ತಿಕೊಳ್ಳಲು ಸಾಕು.

ವಾಸನೆ ಬಂದ ಕೂಡಲೇ ಕೈ ಲೈಟಿನ ಸ್ವಿಚ್ಚಿಗೆ ಹೋಗುತ್ತದೆ. ಹಾಕಲೂಬೇಡಿ, ಆರಿಸಲೂಬೇಡಿ, ಎರಡರಲ್ಲೂ ಕಿಡಿ ಏಳುತ್ತದೆ. ಫ್ಯಾನ್ ಕೂಡ ಬೇಡ. ಒಲೆ, ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ನಂದಿಸಿ, ರೆಗ್ಯುಲೇಟರ್ ಬಂದ್ ಮಾಡಿ. ಹಿತ್ತಲ ಬಾಗಿಲು, ಮುಂಬಾಗಿಲು ಎರಡನ್ನೂ ಹಾರುಹೊಡೆದು ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕಳಿಸಿ. ಮಗ್ಗದಲ್ಲಿರುವವರನ್ನು ಮೊದಲು ಎಬ್ಬಿಸಿ. ರೆಗ್ಯುಲೇಟರ್ ಬಂದ್ ಮಾಡಿದರೂ ಬುಸುಗುಟ್ಟುವ ಸದ್ದು ನಿಲ್ಲದಿದ್ದರೆ, ಅಥವಾ ನಾತ ಮನೆಯೆಲ್ಲ ತುಂಬಿದ್ದರೆ, ಏನನ್ನೂ ಮುಟ್ಟದೆ ಹೊರಗೆ ಬನ್ನಿ. ಸೋರುವುದು ನಿಂತಿದ್ದರೆ ರೆಗ್ಯುಲೇಟರ್ ಬಿಚ್ಚಿ, ದಾರದಲ್ಲಿ ನೇತಾಡುವ ಮುಚ್ಚಳವನ್ನು ವಾಲ್ವಿಗೆ ಒತ್ತಿ ಕೂರಿಸಿ.

ಫೋನ್ ಮಾಡುವುದು ಬೀದಿಗೆ ಬಂದ ಮೇಲೆ. ಗ್ಯಾಸ್ ಸೋರಿಕೆಗೆಂದೇ 1906 ಇದೆ, ಹಗಲುರಾತ್ರಿ ಎತ್ತುತ್ತಾರೆ. ಬೆಂಕಿ ಹೊತ್ತಿದ್ದರೆ 112. ಅಕ್ಕಪಕ್ಕದ ಮನೆಗೂ ಕೂಗಿ ಹೇಳಿ. ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಕಾಲಿಡಬೇಡಿ. ಗುಂಡಿಯಲ್ಲಿ ಅದು ಕೊನೆಯವರೆಗೂ ಕೂತಿರುತ್ತದೆ.

ಸೋರಿಕೆ ಹೆಚ್ಚಾಗಿ ಶುರುವಾಗುವುದು ಬೆರಳುಗುರಿನಷ್ಟು ಜಾಗದಲ್ಲಿ. ಹೊಸ ಸಿಲಿಂಡರಿನ ಮುಚ್ಚಳ ತೆಗೆದು ವಾಲ್ವಿನ ಬಾಯಿಗೆ ಇಣುಕಿ. ಒಳಗೆ ಕಪ್ಪು ರಬ್ಬರಿನ ಪುಟ್ಟ ಬಳೆಯೊಂದು ಕಾಣಬೇಕು, ಅದೇ ವಾಷರ್. ಅದು ಇಲ್ಲದಿದ್ದರೆ, ಸೀಳಿದ್ದರೆ ರೆಗ್ಯುಲೇಟರ್ ಎಷ್ಟು ಬಿಗಿಯಾಗಿ ಕೂರಿಸಿದರೂ ಗ್ಯಾಸ್ ನುಸುಳುತ್ತದೆ. ತಂದವರ ಎದುರೇ ಪರೀಕ್ಷೆ ಮಾಡಿಸಿ. ತೂಕ, ಸೋರಿಕೆ ಎರಡನ್ನೂ ನೋಡಿಕೊಡುವುದು ಅವರ ಕೆಲಸ, ಕೇಳಲು ಸಂಕೋಚ ಬೇಡ. ಮನೆಯಲ್ಲಿ ಅನುಮಾನ ಬಂದರೆ ಸೋಪಿನ ನೊರೆಯನ್ನು ಪೈಪಿನ ಎರಡೂ ತುದಿಗೆ, ರೆಗ್ಯುಲೇಟರಿನ ಸುತ್ತ ಬಳಿಯಿರಿ. ಗುಳ್ಳೆ ಉಬ್ಬಿದರೆ ಅಲ್ಲೇ ಸೋರಿಕೆ. ಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ದಯವಿಟ್ಟು ಬೇಡ.

ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ತಯಾರಾದ ವರ್ಷ ಪೈಪಿನ ಮೇಲೇ ಅಚ್ಚಾಗಿರುತ್ತದೆ. ಎಣ್ಣೆಜಿಡ್ಡು ಒರೆಸಿದರೆ ಓದಬಹುದು.