ಏಳು ವಾಟಿನ ರಿಗ್ಗು, ಅಡಿಕೆ ಮರದ ತಂತಿ

ಹ್ಯಾಮ್ ರೇಡಿಯೊಗೆ ಹೊಸದಾಗಿ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ಯಾವ ರಿಗ್ (ರೇಡಿಯೊ ಸೆಟ್) ತಗೊಳ್ಳಲಿ ಎಂಬುದು. ಪರೀಕ್ಷೆ ಪಾಸಾಗಿ, ವಿಯು3 ಎಂದು ಶುರುವಾಗುವ ಕಾಲ್ ಸೈನ್ ಬಂದಾಗ ನಾನೂ ಅದನ್ನೇ ಕೇಳಿದ್ದೆ. ಈಗ ನನ್ನನ್ನು ಕೇಳಿದವರಿಗೆ, ಆಂಟೆನಾ ತಂತಿ ಕಟ್ಟಲು ಮನೆ ಹತ್ತಿರ ಎತ್ತರದ ಮರ ಇವೆಯಾ ಎಂದು ತಿರುಗಿ ಕೇಳುತ್ತೇನೆ.

ಲೆಕ್ಕ ಕಷ್ಟದ್ದೇನಲ್ಲ. ಆಚೆಯವರ ಎಸ್ ಮೀಟರಿನಲ್ಲಿ ನಮ್ಮ ದನಿ ಒಂದು ಅಂಕಿ ಮೇಲೇರಬೇಕಾದರೆ ಇಲ್ಲಿ ಪವರ್ ನಾಲ್ಕು ಪಟ್ಟಾಗಬೇಕು. 7 ವಾಟಿನಿಂದ 100 ವಾಟಿಗೆ ಹೋದರೂ ಸಿಗುವುದು ಹೆಚ್ಚುಕಮ್ಮಿ ಎರಡೇ ಅಂಕಿ. ಅದಕ್ಕೆ ಸುರಿಯುವ ಹತ್ತಾರು ಸಾವಿರದಲ್ಲಿ ಚೂರು ಭಾಗವನ್ನು ತಂತಿಗೂ ಕೇಬಲ್ಲಿಗೂ ಹಾಕಿದರೆ ಅಷ್ಟೇ ಲಾಭ ಸಿಗುತ್ತದೆ, ಕೆಲವೊಮ್ಮೆ ಹೆಚ್ಚೇ.

ನನ್ನ ಏಳು ವಾಟಿನ ರಿಗ್ ಬಿಟೆಕ್ಸ್40. ಹೈದರಾಬಾದಿನ ಅಶರ್ ಫರ್ಹಾನ್, ಅಂದರೆ ವಿಯು2ಇಎಸ್ಇ, 2003ರ ಸುಮಾರಿಗೆ ರೂಪಿಸಿದ ಬಿಟೆಕ್ಸ್ ವಿನ್ಯಾಸದ ವಂಶಸ್ಥ. ವಿದೇಶಿ ಟೊರಾಯ್ಡ್ (ಕಾಯಿಲ್ ಸುತ್ತುವ ಉಂಗುರ) ಸಿಗದವರಿಗಾಗಿ ನಲ್ಲಿಯ ವಾಷರಿನ ಮೇಲೆ ಕಾಯಿಲ್ ಸುತ್ತಿಸಿದ ವಿನ್ಯಾಸ ಅದು. ಅದರಲ್ಲಿ ನನಗೆ ಇಷ್ಟವಾಗುವುದು ಬೇರೊಂದು ಸಂಗತಿ. ಆಂಪ್ಲಿಫೈಯರ್ ಹಂತಗಳು ಎರಡೂ ದಿಕ್ಕಿನವು: ಕೇಳುವಾಗ ಒಂದು ಕಡೆಗೆ, ಮಾತಾಡುವಾಗ ಹಿಮ್ಮುಖವಾಗಿ, ದಿಕ್ಕಿಗೊಂದು ಟ್ರಾನ್ಸಿಸ್ಟರಿನಿಂದ ಕೆಲಸ ಮಾಡುತ್ತವೆ. ನಡುವಿನ ಕ್ರಿಸ್ಟಲ್ ಫಿಲ್ಟರ್ ಎರಡಕ್ಕೂ ಒಂದೇ. ಹಾಗಾಗಿ ಬೋರ್ಡು ಕೆಟ್ಟಾಗ ಮೊದಲು ಹೆಡ್‌ಫೋನ್ ಹಾಕಿ ಕೇಳುತ್ತೇನೆ. ದನಿ ಸ್ವಚ್ಛವಾಗಿ ಬರುತ್ತಿದ್ದರೆ ಫಿಲ್ಟರ್, ಮಿಕ್ಸರ್, ಆಸಿಲೇಟರ್ ಸರಿಯಿವೆ ಎಂದೇ ಲೆಕ್ಕ. ಆಮೇಲೆ ಹುಡುಕಬೇಕಾದದ್ದು ಮೈಕ್ ಕಡೆ, ಮಾತಾಡುವ ದಿಕ್ಕಿನ ಟ್ರಾನ್ಸಿಸ್ಟರುಗಳ ಕಡೆ, ಇಲ್ಲವೇ ಪವರ್ ಆಂಪ್ಲಿಫೈಯರ್ ಕಡೆ. ಸೋಲ್ಡರಿಂಗ್ ಐರನ್ ಕಾಯುವಷ್ಟರಲ್ಲಿ ಅರ್ಧ ರಿಪೇರಿ ಮುಗಿದಿರುತ್ತದೆ.

ಇನ್ನು ತಂತಿ. 40 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾದ ಉದ್ದ ಮೀಟರಿನಲ್ಲಿ ತಿಳಿಯಲು 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಬೇಕು. 7.1ಕ್ಕೆ ಸುಮಾರು 20 ಮೀಟರ್, ಒಂದೊಂದು ಕಡೆಗೆ 10. ಮನೆ ವೈರಿಂಗಿನ ಪಿವಿಸಿ ವೈರಾದರೆ ಇನ್ನೂ ತುಸು ಗಿಡ್ಡವಾಗಬೇಕಾಗುತ್ತದೆ. ಆದರೂ ಉದ್ದವಾಗಿಯೇ ಕತ್ತರಿಸಿಕೊಳ್ಳಿ, ಹೆಚ್ಚಾದದ್ದನ್ನು ತುದಿಯಲ್ಲಿ ಹಿಂದಕ್ಕೆ ಮಡಚಿ ತಂತಿಗೇ ಸುತ್ತಿ. ಸಾಗರದ ಹತ್ತಿರದ ನಮ್ಮ ತೋಟದಲ್ಲಿ ಹಗ್ಗ ಕಟ್ಟಿಕೊಟ್ಟದ್ದು ಕೊನೆ ಕೊಯ್ಯಲು ಬಂದ ಕೊನೆಗೌಡ. “ಇದ್ರಲ್ಲಿ ಕರೆಂಟ್ ಇರ್ತದಾ ಅಯ್ಯಾ?” ಎಂದು ಮೇಲಿನಿಂದಲೇ ಕೇಳಿದ. ಒಳ್ಳೆಯ ಪ್ರಶ್ನೆ. ನಾವು ಮಾತಾಡುವಾಗ ಇರುತ್ತದೆ, ವೋಲ್ಟೇಜ್ ಅತಿ ಹೆಚ್ಚಿರುವುದು ತುದಿಗಳಲ್ಲೇ; ಆದ್ದರಿಂದ ತುದಿ ಯಾರ ಕೈಗೂ ಎಟುಕಬಾರದು. ಅಡಿಕೆ ಮರ ಗಾಳಿಗೆ ತೂಗುವಂಥದ್ದು, ಎರಡೂ ಕಡೆ ಬಿಗಿದರೆ ಆಷಾಢದಲ್ಲಿ ತಂತಿ ತುಂಡಾಗುವುದು ಖಂಡಿತ. ಒಂದು ಕಡೆಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ನೀರು ತುಂಬಿದ ಕ್ಯಾನು ತೂಗಬಿಟ್ಟಿದ್ದೇವೆ. ಮರ ಬಾಗಿದಾಗ ಕ್ಯಾನು ಮೇಲೆ ಕೆಳಗೆ ಆಡುತ್ತದೆ, ತಂತಿ ಉಳಿಯುತ್ತದೆ.

ನಿಜವಾದ ಪಾಠ ಸಿಕ್ಕಿದ್ದು ಕೇಬಲ್ಲಿನಿಂದ. ಒಂದು ಮಳೆಗಾಲ ಕಳೆದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಿಂದೆಂದಿಗಿಂತ ಚೆನ್ನಾಗಿ ತೋರಿಸತೊಡಗಿತು. ನಾನು ಏನೂ ಮುಟ್ಟಿರಲಿಲ್ಲ, ಅನುಮಾನ ಬಂದದ್ದೇ ಅದಕ್ಕೆ. ತಾನಾಗಿಯೇ ಸುಧಾರಿಸುವ ಆಂಟೆನಾ ಎಲ್ಲಿದೆ? ಅತ್ತ ಹೈದರಾಬಾದಿನ ಗೆಳೆಯರು ದನಿ ಕ್ಷೀಣ ಎನ್ನುತ್ತಿದ್ದರು. ತಂತಿಯ ಮಧ್ಯದಲ್ಲಿ ಕೇಬಲ್ ಸೇರುವ ಜೋಡಣೆಯಲ್ಲಿ ನೀರು ಇಳಿದಿತ್ತು. ಕೇಬಲ್ ಸೀಳಿ ನೋಡಿದರೆ ತಾಮ್ರದ ಹೆಣಿಗೆ, ಬತ್ತಿ ಎಣ್ಣೆ ಹೀರಿದ ಹಾಗೆ, ಉದ್ದಕ್ಕೂ ನೀರು ಹೀರಿ ಕಪ್ಪಾಗಿತ್ತು.

ಎಸ್‌ಡಬ್ಲ್ಯುಆರ್ ಮೀಟರ್ ನೋಡುವುದು ಆಂಟೆನಾ ಕಡೆಯಿಂದ ಹಿಂದಿರುಗಿ ಬಂದ ಶಕ್ತಿಯನ್ನು; ಅದು ಕಡಿಮೆಯಾದಷ್ಟೂ ಅಂಕಿ 1ರ ಹತ್ತಿರ. ಹೋಗುವಾಗ ಅರ್ಧ, ಬರುವಾಗ ಉಳಿದದ್ದರಲ್ಲಿ ಅರ್ಧ ಕೇಬಲ್ಲೇ ನುಂಗಿದರೆ, ಮೇಲೆ ಆಂಟೆನಾ ಇಲ್ಲದಿದ್ದರೂ ಮೀಟರ್ 3 ಎಂದಷ್ಟೇ ಹೇಳುತ್ತದೆ. ಇನ್ನೂ ಹೆಚ್ಚು ನುಂಗಿದರೆ 1.2 ಎಂದು ಶಭಾಸ್‌ಗಿರಿ ಕೊಡುತ್ತದೆ. ಕೇಬಲ್ಲನ್ನು ಪರೀಕ್ಷಿಸಲು ಮೇಲಿನ ತುದಿಯನ್ನು ಆಂಟೆನಾದಿಂದ ಬಿಚ್ಚಿ, ಶಾರ್ಟ್ ಮಾಡಿ ಅಳೆಯಬೇಕು. ಒಳ್ಳೆಯ ಕೇಬಲ್ಲಾದರೆ ಎಸ್‌ಡಬ್ಲ್ಯುಆರ್ ವಿಪರೀತ ಹೆಚ್ಚು ಬರಬೇಕು. ಸೌಮ್ಯವಾಗಿ ಬಂದರೆ ಕೇಬಲ್ ಸತ್ತಿದೆ. ಅಳೆಯಲು ನ್ಯಾನೊವಿಎನ್ಎಯಂಥ ಉಪಕರಣ ಸಾಕು. ರಿಗ್ಗಿನಿಂದ ಪವರ್ ಬಿಡಬೇಡಿ, ಟ್ರಾನ್ಸಿಸ್ಟರ್ ಸುಟ್ಟೀತು. ಹೊಸ ಕೇಬಲ್ಲಿನ ಜೋಡಣೆಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಮೇಲೆ ಪಿವಿಸಿ ಟೇಪು ಹಾಕಿದೆ. ಮನೆಯೊಳಗೆ ಬರುವ ಮುಂಚೆ ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು, ಹನಿ ಅಲ್ಲೇ ಬಿದ್ದುಹೋಗಲಿ.

ನಮ್ಮ ದನಿ ಆಚೆ ತಲುಪುವ ಕಥೆ ಇದಾಯಿತು. ಆಚೆಯ ದನಿ ನಮಗೆ ಕೇಳಬೇಕಲ್ಲ? ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ರಿಗ್ ಹಾಕಿ ನೋಡಿ, ಬ್ಯಾಂಡ್ ಥಟ್ಟನೆ ಶಾಂತವಾಗುತ್ತದೆ. ಗದ್ದಲ ಎಬ್ಬಿಸುತ್ತಿದ್ದದ್ದು ನಮ್ಮ ಮನೆಯದೇ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು. ಒಂದೊಂದೇ ಎಂಸಿಬಿ ಇಳಿಸುತ್ತ ಕಿವಿಗೊಟ್ಟರೆ ಕಳ್ಳ ಸಿಗುತ್ತಾನೆ. ನಮ್ಮಲ್ಲಿ ಸಿಕ್ಕಿದ್ದು ಕೊಟ್ಟಿಗೆಯ ಬಲ್ಬು.

ಯಾವ ಸ್ವಿಚ್ಚಿಗೂ ಬಗ್ಗದ ಸದ್ದು ಒಂದಿದೆ, ಏಪ್ರಿಲ್–ಮೇ ಸಂಜೆಗಳ ಕರಕರ. ಅದು ಸಿಡಿಲಿನದು. ಹತ್ತಿರದಲ್ಲಿ ಗುಡುಗು ಕೇಳಿಸಿದ ಮೇಲೆ ಕನೆಕ್ಟರ್ ಮುಟ್ಟಲು ಹೋಗಬೇಡಿ. ಮೋಡ ಕಟ್ಟುವಾಗಲೇ ಕೇಬಲ್ ಬಿಚ್ಚಿ, ಕಿಟಕಿಯಾಚೆ ಹಾಕಿಬಿಡಿ.