ಇಬ್ಬರು ಡಾಕ್ಟರು, ಎರಡು ಹೆಸರು

ನಿಮ್ಮ ತಮ್ಮನಿಗೆ ಮೊದಲ ಡಾಕ್ಟರು ಖಿನ್ನತೆ ಎಂದರು, ಎರಡು ವರ್ಷದ ಮೇಲೆ ಇನ್ನೊಬ್ಬರು ಬೈಪೋಲಾರ್ ಎಂದು ಬರೆದರು. ‘ಒಬ್ಬರಾದರೂ ತಪ್ಪಿರಲೇಬೇಕಲ್ಲ ಮೇಡಂ?’ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯ ಅಂಕಿಯಿದೆ. ಖಿನ್ನತೆಗಾಗಲಿ ಬೈಪೋಲಾರ್‌ಗಾಗಲಿ ಇನ್ನೂ ಅಂಥದ್ದಿಲ್ಲ. ಥೈರಾಯ್ಡ್ ನೋಡಿಸುವುದೂ ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಲಿಕ್ಕಷ್ಟೇ. ರೋಗಿ ಹೇಳಿದ್ದು, ಮನೆಯವರು ಕಂಡದ್ದು, ದಿನ ಕಳೆದಂತೆ ಹೊರಬಿದ್ದದ್ದು ಇವೇ ನಮಗೆ ಆಧಾರ. ಖಿನ್ನತೆಯೂ ಮಿತಿಮೀರಿದ ಹುರುಪಿನ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಅನೇಕರಲ್ಲಿ ಖಿನ್ನತೆಯಾಗಿಯೇ ಶುರುವಾಗುತ್ತದೆ. ಆಗ ಎರಡನ್ನೂ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ.

ಪತ್ರದ ಕೊನೆಯಲ್ಲಿ ಲೆಕ್ಕಕ್ಕಿಲ್ಲದಂತೆ ಒಂದು ಮಾತು ಬರೆದಿದ್ದೀರಿ: ಹೋದ ವರ್ಷ ವಾರಗಟ್ಟಲೆ ಮೂರೇ ಗಂಟೆ ಮಲಗಿಯೂ ದಣಿಯದೆ ಓಡಾಡಿದ, ಸಾಲ ಮಾಡಿ ಎರಡು ಬೈಕ್ ತಂದ. ಮನೆಯವರೆಲ್ಲ ‘ಹುಡುಗ ಸುಧಾರಿಸಿದ’ ಎಂದುಕೊಂಡಿರಿ. ಅದು ಉನ್ಮಾದದ ಹಂತವಾಗಿದ್ದಿರಬಹುದು. ಡಾಕ್ಟರಿಗೆ ಬೇಕಾದದ್ದು ಇಂಥ ವಿವರವೇ. ಹಳೆಯ ಚೀಟಿಗಳ ಜೊತೆ ಇದನ್ನೂ ಹೇಳಿ. (ಹೆಣ್ಣು ನೋಡುತ್ತಿದ್ದೇವೆಂದು ಮುಚ್ಚಿಡಬೇಡಿ.) ಬೈಪೋಲಾರ್ ಇರುವ ಕೆಲವರಲ್ಲಿ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳುತ್ತದೆ, ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುವುದು ಅದಕ್ಕೇ. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಅಪರಾತ್ರಿಯಲ್ಲಿ ದಿಕ್ಕು ತೋಚದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ; ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.